ಬಾವಿಯಾಚೆಯ ಕಲ್ಲು

ಹೋದ ವಾರ ನಮ್ಮ ಓಣಿಯವರು ನನ್ನನ್ನು ಬಾವಿಕಟ್ಟೆ ಹತ್ತಗೊಡಲಿಲ್ಲ. ಹೌದು, ನನ್ನನ್ನೇ! ಹಗಲೆಲ್ಲ ಸ್ಕೂಲಿನಲ್ಲಿ, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವ ಈ ಮಾಸ್ತರನನ್ನು.

ಆದದ್ದಿಷ್ಟು. ಮಗಳು ಗಿರಿಜೆಗೆ ಮೊದಲು ನೆಗಡಿ, ಕೆಮ್ಮು, ಜ್ವರ. (ನಮ್ಮ ಆದೋನಿಯಲ್ಲಿ ಈಗ ಯಾರ ಮನೆಯಲ್ಲಿ ಕೆಮ್ಮಿಲ್ಲ ಹೇಳಿ?) ಆಮೇಲೆ ಶುರುವಾಯಿತು ನೋಡಿ ಭೇದಿ. ಸಂಜೆಯ ಹೊತ್ತಿಗೆ ಕೂಸಿನ ಕಣ್ಣು ಗುಳಿ ಬಿದ್ದಿತ್ತು. ಓಡಿಹೋಗಿ ಡಾಕ್ಟರನ್ನು ಕರೆತಂದೆ.

“ಕಾಲರಾ ಅಲ್ಲರೀ, ಫ್ಲೂ. ಎದಿಗೆ ಬಂದದ್ದು ಈಗ ಕರುಳಿಗೂ ಇಳದೈತಿ,” ಎಂದರು. “ಕಾಸಿ ಆರಿಸಿದ ನೀರು, ಉಪ್ಪು ಹಾಕಿದ ಗಂಜಿ ಗುಟುಕು ಗುಟುಕು ಕುಡಸ್ತಾ ಇರ್ರಿ. ನೀರು ನಿಂತ್ರ ಹುಡಿಗಿ ಉಳಿಯಂಗಿಲ್ಲ.”

ಮರುದಿನ ಬೆಳಿಗ್ಗೆ ಹೆಂಡತಿ ಖಾಲಿ ಕೊಡದೊಂದಿಗೆ ಅಳುತ್ತಾ ವಾಪಸು ಬಂದಳು. ಎದುರುಮನೆಯ ಹತ್ತಿ ವ್ಯಾಪಾರಿ ಪಂಪಣ್ಣ ಬಾವಿಯ ಹತ್ತಿರ ತಡೆದನಂತೆ. ನಾನೇ ಕೊಡ ಹಿಡಿದು ಹೊರಟೆ.

“ವದ್ದು ಮಾಸ್ತರ್ರೇ, ಬ್ಯಾಡ! ವಾಂತಿ-ಭೇದಿ ಮನಿಯವ್ರು ಹಗ್ಗ ಮುಟ್ಟಬ್ಯಾಡ್ರಿ. ಆ ಕಲ್ಲಿನ ಹತ್ರ ನಿಂದ್ರಿ, ನಾವ ಹಾಕ್ತೀವಿ.”

“ಡಾಕ್ಟರ್ ಫ್ಲೂ ಅಂದಾರೋ ಮಾರಾಯ!”

“ಡಾಕ್ಟರ್ ಏನ್ ನಮ್ಮ ಬಾವಿ ನೀರು ಕುಡೀತಾನ?”

ಆ ಕಲ್ಲು ಯಾವುದು ಗೊತ್ತೇ? ಊರಾಚೆಯ ಕೇರಿಯವರು ನಿಲ್ಲುವ ಕಲ್ಲು. ಅವರು ಬಾವಿ ಮುಟ್ಟುವಂತಿಲ್ಲ. ಯಾರಾದರೂ ಮನಸ್ಸು ಮಾಡಿ, ಸೇದಿ, ಮೇಲಿನಿಂದ ಸುರಿಯಬೇಕು. ಕೇರಿಯ ಹನುಮವ್ವ ಆಗಲೇ ಅಲ್ಲಿ ಕೊಡ ಇಟ್ಟುಕೊಂಡು ಕುಳಿತಿದ್ದಳು.

ಒಬ್ಬರು ಬಂದರು, ಸೇದಿದರು, ಹೋದರು. ಇನ್ನೊಬ್ಬರು ಬಂದರು. ಮನೆಯಲ್ಲಿ ಕೂಸು ನೀರು ನೀರು ಅನ್ನುತ್ತಿದೆ, ಇಲ್ಲಿ ಇವರು ನಿಂತು ಬೀಗರ ಸುದ್ದಿ ಮಾತಾಡುತ್ತಿದ್ದಾರೆ!

“ಹಿಂಗ ಸುಮ್ನ ನಿಂತ್ರ ಹೊತ್ತು ಮುಳಗತೈತಿ, ಮಾಸ್ತರ್ರ. ಒದರ್ರಿ,” ಎಂದಳು ಹನುಮವ್ವ.

“ನೀರು ಹಾಕ್ರೋ!” ಎಂದು ಒದರಿದೆ. ಪಂಪಣ್ಣ ಕೈ ಚಾಚಿ ದೂರದಿಂದ ಸುರಿದ. ಅರ್ಧ ಕೊಡಕ್ಕೆ, ಅರ್ಧ ನನ್ನ ಕಾಲಿಗೆ. ಹನುಮವ್ವ ತನ್ನ ಕೊಡ ಮುಂದಿಟ್ಟಳು. ಅಷ್ಟರಲ್ಲಿ ಅವನು ಹಗ್ಗ ಸುತ್ತಿ ಹೊರಟೇಬಿಟ್ಟ.

ಗಿರಿಜೆ ಉಳಿದಳು. ಈಗ ರೊಟ್ಟಿ ಬೇಕೆಂದು ರಂಪ ಮಾಡುತ್ತಾಳೆ. ಮೊನ್ನೆ ಪಂಪಣ್ಣನೇ ಮನೆಗೆ ಬಂದ, ನಗುನಗುತ್ತಾ.

“ಹುಡಿಗಿ ಆರಾಮ ಆದಳಲ್ಲ. ನಾಳಿಂದ ಬಾವಿಗೆ ಬರ್ರಿ ಮತ್ತ.”

“ಹನುಮವ್ವನೂ ಕಟ್ಟಿ ಹತ್ತಲಿ, ಬರ್ತೀನಿ.”

“ಆಕಿ ಮಾತು ಬ್ಯಾರೆ ಐತಲ್ರೀ!”

ಬೇರೆ ಅಂದರೆ ಏನು ಬೇರೆ? ಕೇಳಿದೆ. ಅವನು ಚಪ್ಪಲಿ ಮೆಟ್ಟಿ ಹೊರಟ. ಈಗ ನಾನೂ ನನ್ನ ಹೆಂಡತಿಯೂ ದಿನಾ ಆ ಕಲ್ಲಿನ ಹತ್ತಿರವೇ ಕೊಡ ಇಟ್ಟು ನಿಲ್ಲುತ್ತೇವೆ. ಓಣಿ ನಗುತ್ತಿದೆ. ನಗಲಿ. ಹನುಮವ್ವ ಕಟ್ಟೆ ಹತ್ತುವವರೆಗೂ ನಾವು ಅಲ್ಲಿಂದ ಕದಲುವವರಲ್ಲ.

ನನ್ನ ಮಗಳಿಗೇನೋ ಫ್ಲೂ ಬಂದಿತ್ತು; ಹನುಮವ್ವನಿಗೆ ಬಂದಿರುವ ರೋಗ ಯಾವುದು, ಪಂಪಣ್ಣ?