ಅಪ್ಪನ ಕಣ್ಣಿಗೂ ಗಾಣದ ಪಟ್ಟಿ

“ನಂಗೂ ಇಂಗೇ ಕಣ್ಣಿಗೆ ಬಟ್ಟೆ ಕಟ್ಬುಡಮ್ಮ,” ಅಂದರು ಅಪ್ಪ, ಗಾಣದ ಎತ್ತಿನ ಪಕ್ಕ ನಿಂತು.

ಎಂಬತ್ತರ ದಶಕದ ಮಾತು. ಕೊಡಿಗೇನಹಳ್ಳಿಯ ನಮ್ಮ ಹಿತ್ತಲಲ್ಲಿ ಕಡಲೆಕಾಯಿ ಎಣ್ಣೆಯ ಗಾಣವಿತ್ತು. ಲಕ್ವ ಹೊಡೆದ ಮೇಲೆ ಅಪ್ಪ ಎಡಗಾಲು ಎಳೆಯುತ್ತಿದ್ದರು. ನಡಿಗೆ ಸರಿಹೋಗಲೆಂದು ದಿನಾ ಗಾಣದ ತೊಲೆ ಹಿಡಿದು ಎತ್ತಿನ ಹಿಂದೆ ಸುತ್ತುತ್ತಿದ್ದರು. ಎತ್ತು ಯಾರಿಗೂ ಕಾಯುವುದಿಲ್ಲ, ಇವರ ಕಾಲೇ ಅದಕ್ಕೆ ಹೊಂದಬೇಕು. ಆದರೆ ಅಪ್ಪನ ಕಣ್ಣು ಸದಾ ಆ ಕಾಲಿನ ಮೇಲೆ. ನೋಡಿದಾಗಲೆಲ್ಲ ಎಡವುತ್ತಿದ್ದರು.

ತಲೆ ಸುತ್ತದಿರಲೆಂದು ಎತ್ತಿಗೆ ಕಟ್ಟುವಂಥ ಬಟ್ಟೆಯನ್ನೇ ಅವರಿಗೂ ಕಟ್ಟಿದೆ. ಬಿದ್ದಾರೆಂಬ ಭಯಕ್ಕೆ ಬೆನ್ನ ಹಿಂದೆಯೇ ನಡೆದೆ. ಗಾಣ ಕಿರುಗುಟ್ಟುತ್ತ ತಿರುಗಿತು. ಯಾವಾಗಲೋ ಕಾಲೆಳೆಯುವ ಸದ್ದು ನಿಂತುಹೋಗಿತ್ತು. ದೂಳಿನಲ್ಲಿ ಎರಡೂ ಹೆಜ್ಜೆ ಒಂದೇ ಸಮ ಮೂಡುತ್ತಿದ್ದವು. ಹಿತ್ತಲೇ ಮೆಲ್ಲಗೆ ತೇಲಿಹೋಗುತ್ತಿದೆ ಅನಿಸಿತು ನನಗೆ.

ಎತ್ತು ನಿಂತಾಗ ಅಪ್ಪನ ಕಣ್ಣಿನ ಬಟ್ಟೆ ಬಿಚ್ಚಿದೆ. ಅಪ್ಪ ಸುತ್ತ ನೋಡಿ ಮುಖ ಸಣ್ಣ ಮಾಡಿದರು. “ಬಿಚ್ಬುಟ್ಯಾ? ಆ ದಾರೀಲಿ ಇನ್ನೊಂದೀಟು ನಡೆದಿದ್ರೆ ಮಧುಗಿರಿ ಬೆಟ್ಟ ಕಾಣೋದು ಕಣಮ್ಮ.”

ಇವತ್ತಿಗೂ ಬಸ್ಸಿನ ಕಿಟಕಿಯಲ್ಲಿ ಆ ಬೆಟ್ಟ ಕಂಡರೆ ನನಗೆ ಗಾಣದ ಬಿಸಿ ಹಿಂಡಿಯ ವಾಸನೆ ಬರುತ್ತದೆ. ರಸ್ತೆಯ ಅಂಚಿನಲ್ಲಿ ಅಪ್ಪನನ್ನು ಹುಡುಕುತ್ತೇನೆ.