ಬೋರ್ಡಿಗೆ ಹೂವು ಮುಡಿಸಿದ ದಿನ

ಚೆಂಡುಹೂವನ್ನು ಯಾವ ವಸ್ತುವಿನ ಮೇಲಿಟ್ಟರೂ ಅದು ಆರೋಗ್ಯವಾಗಿರುವಂತೆ ಕಾಣುತ್ತದೆ. ಆಯುಧಪೂಜೆಯ ದಿನ ನೀವು ಯಲಹಂಕದ ಬೀದಿಗಳಲ್ಲಿ ಒಮ್ಮೆ ಓಡಾಡಿ ನೋಡಿ; ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದ ಸ್ಕೂಟರು ಕೂಡ ಹಾರ ಹಾಕಿಕೊಂಡು ಮದುವಣಿಗನ ಗತ್ತಿನಲ್ಲಿ ನಿಂತಿರುತ್ತದೆ. ನಾನೂ ಹೀಗೆ ಹೂವಿಗೆ ಮೋಸಹೋದವನೇ.

ನಾವಿರುವುದು ಅಲ್ಲೇ ಪಕ್ಕದ ಅಟ್ಟೂರಿನಲ್ಲಿ, ಮುನಿರಾಜಣ್ಣನವರ ಕಟ್ಟಡದ ಎರಡನೇ ಮಹಡಿಯಲ್ಲಿ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರು ಬಾಡಿಗೆದಾರರನ್ನು ಬೆಳೆಯುತ್ತಿದ್ದಾರೆಂದು ನಾನು ಚೇಷ್ಟೆ ಮಾಡುವುದುಂಟು. ನೆಲಮಹಡಿಯ ಕೋಣೆಯಲ್ಲಿ ಕಮಲಕ್ಕ ಒಬ್ಬರೇ ಇದ್ದುಕೊಂಡು ರವಿಕೆ ಹೊಲಿದು, ಸೀರೆಗೆ ಕುಚ್ಚು ಕಟ್ಟಿ ಬದುಕುತ್ತಿದ್ದರು. ಪಕ್ಕದ ರಾಜಕಾಲುವೆ ಉಕ್ಕಿದರೆ ನೀರು ಮೊದಲು ನುಗ್ಗುವುದು ಅವರ ಕೋಣೆಗೇ. ಎಲೆಕ್ಟ್ರಾನಿಕ್ಸ್ ನನ್ನ ಹೊಟ್ಟೆಪಾಡೂ ಹೌದು, ಹುಚ್ಚೂ ಹೌದು. ಹಾಗಾಗಿ ಅಂಗೈಯಗಲದ ಒಂದು ಲಿನಕ್ಸ್ ಬೋರ್ಡನ್ನು, ಅಂದರೆ ಪುಟ್ಟ ಕಂಪ್ಯೂಟರನ್ನು, ಮೀಟರ್ ಪೆಟ್ಟಿಗೆಯ ಪಕ್ಕ ಕೂರಿಸಿ, ಕಾಲುವೆಯ ನೀರು ಏರಿದರೆ ಸೈರನ್ ಕೂಗುವಂತೆ ಮಾಡಿದ್ದೆ. ಅದು ಹಲವು ಮಳೆಗಳಲ್ಲಿ ಕೂಗಿ ಕಮಲಕ್ಕನ ಬಟ್ಟೆಗಳನ್ನು ಉಳಿಸಿತ್ತು.

ಇಂಥ ಬೋರ್ಡಿನ ಪ್ರಾಣವಿರುವುದು ಬೂಟ್ ಫೈಲುಗಳಲ್ಲಿ, ಅಂದರೆ ಕರೆಂಟು ಬಂದೊಡನೆ ಅದು ಮೊದಲು ಓದಿಕೊಳ್ಳುವ ನಾಲ್ಕಾರು ಕಡತಗಳಲ್ಲಿ. ಅವುಗಳನ್ನು ತಿದ್ದುತ್ತಿರುವಾಗ ಕರೆಂಟು ಹೋಯಿತೆಂದರೆ ಬೋರ್ಡು ಮತ್ತೆ ಏಳುವುದಿಲ್ಲ. ನಮ್ಮ ಬಡಾವಣೆಯ ವಿದ್ಯುತ್ತಿನ ಚಂಚಲ ಸ್ವಭಾವವನ್ನು ಬಲ್ಲ ನಾನು, ಆ ಫೈಲುಗಳನ್ನು ಓದಬಹುದೇ ಹೊರತು ತಿದ್ದಲಾಗದಂತೆ ಭದ್ರಪಡಿಸಿದ್ದೆ. ಆದರೆ ನೆಟ್ಟಗೆ ನಡೆಯುತ್ತಿರುವ ಯಂತ್ರವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಆಯುಧಪೂಜೆಯ ಬೆಳಿಗ್ಗೆ, ಶುಭದಿನವಲ್ಲವೇ, ಬೋರ್ಡಿಗೂ ಹೊಸ ಆವೃತ್ತಿಯೊಂದನ್ನು ಉಡಿಸೋಣವೆಂದು ಆ ರಕ್ಷಣೆಯನ್ನು ಸಡಿಲಿಸಿ, ಮನೆಯಲ್ಲಿ ಕೂತೇ ಲ್ಯಾಪ್‌ಟಾಪಿನಿಂದ ಅಪ್‌ಡೇಟ್ ಶುರುಮಾಡಿ ಸ್ನಾನಕ್ಕೆ ಹೋದೆ.

ಅಷ್ಟರಲ್ಲಿ ಕೆಳಗೆ ಮುನಿರಾಜಣ್ಣ ಭಕ್ತಿಯಿಂದ ಮೈನ್ ಸ್ವಿಚ್ಚನ್ನು ಆರಿಸಿದ್ದರು. ಆಯುಧಗಳಿಗೆ ಪೂಜೆಯ ಹೊತ್ತಿನಲ್ಲಾದರೂ ವಿಶ್ರಾಂತಿ ಸಿಗಬೇಕೆಂಬುದು ಅವರ ಮನೆತನದ ನಿಯಮ. ನೇಗಿಲಿಗಿದ್ದ ಮರ್ಯಾದೆ ಈಗ ನೀರಿನ ಮೋಟಾರಿಗೂ ನನ್ನ ಬೋರ್ಡಿಗೂ ದೊರೆತಿತ್ತು. ಹಗಲಾದ್ದರಿಂದ ಕರೆಂಟು ಹೋದದ್ದು ನನಗೆ ತಿಳಿಯಲೇ ಇಲ್ಲ. ನಾನು ಸ್ನಾನ ಮುಗಿಸುವಷ್ಟರಲ್ಲಿ ನನ್ನ ಹೆಂಡತಿ ಲ್ಯಾಪ್‌ಟಾಪನ್ನೂ ಮುಚ್ಚಿ ಕುಂಕುಮವಿಟ್ಟಿದ್ದಳು. ಪೂಜೆಗಿಟ್ಟದ್ದನ್ನು ಅಂದು ತೆರೆಯುವಂತಿಲ್ಲ. ಕೆಳಗಿಳಿದು ನೋಡಿದರೆ ಮಂಗಳಾರತಿಯಾಗಿ ಮೈನ್ ಮತ್ತೆ ಹಾಕಿಯಾಗಿತ್ತು. ಬೋರ್ಡು ಎದ್ದಿದೆಯೆಂದು ತೋರಿಸುವ ಪುಟ್ಟ ಹಸಿರು ದೀಪದ ಮೇಲೆಯೇ ದಪ್ಪನೆಯ ಚೆಂಡುಹೂವೊಂದು ಕೂತಿತ್ತು. ನಾನು ಕೈಮುಗಿದೆ.

ಕಮಲಕ್ಕ ಊಟಕ್ಕೆಂದು ಗಂಗಾನಗರದ ತಂಗಿಯ ಮನೆಗೆ ಹೊರಟಿದ್ದರು. ಮದುವೆಯೊಂದರ ಧಾರೆ ಸೀರೆ ಅವರ ಕೋಣೆಯಲ್ಲಿತ್ತು. ಅರ್ಧ ಕಟ್ಟಿದ ಕುಚ್ಚಿನ ದಾರಗಳು ಸಿಕ್ಕಾಗದಿರಲೆಂದು ಅದನ್ನು ಚಾಪೆಯ ಮೇಲೆ ಹರಡಿಯೇ ಬಿಟ್ಟಿದ್ದರು. ಕೀಲಿಕೈಯನ್ನು ನನಗೆ ಕೊಟ್ಟು, "ಸೈರನ್ ಕೂಗಿದ್ರೆ ಆ ಸೀರೆ ಒಂದು ಎತ್ತಿಟ್ಬಿಡಿ ಸಾರ್. ಮಿಕ್ಕಿದ್ದು ಹೋದ್ರೆ ಹೋಗ್ಲಿ" ಎಂದರು.

ಮಧ್ಯಾಹ್ನ ಹೋಳಿಗೆ ಉಂಡು ಒರಗಿದ್ದಾಗ ಮಳೆ ಸುರಿಯತೊಡಗಿತು. ಮುನಿರಾಜಣ್ಣ ಮೆಟ್ಟಿಲಲ್ಲೇ ನಿಂತು, "ಮಳೆ ಇಂಗೆ ಉಯ್ತೈತೆ, ಕೆಳಗೊಂದ್ಸಲ ನೋಡಾಣ ಬನ್ನಿ ಸಾರ್" ಎಂದು ಕರೆದರು. "ಸೈರನ್ ಕೂಗಿಲ್ವಲ್ಲ ಮುನಿರಾಜಣ್ಣ" ಎಂದೆ, ತಾಂತ್ರಿಕ ಜ್ಞಾನವುಳ್ಳವರ ಸಮಾಧಾನದ ದನಿಯಲ್ಲಿ. ಅವರು ನನ್ನ ಮಾತನ್ನು ನಂಬಿ ಹಿಂತಿರುಗಿದರು.

ಸಂಜೆ ಕಮಲಕ್ಕನ ಕೋಣೆಯ ಬಾಗಿಲು ತೆರೆದಾಗ ಚಾಪೆ ತೇಲುತ್ತಿತ್ತು. ಹೊರಗೆ ಬೋರ್ಡಿನ ಮೇಲಿನ ಹೂವನ್ನು ಸರಿಸಿ ನೋಡಿದರೆ ಹಸಿರು ದೀಪ ಆರಿಹೋಗಿತ್ತು. ಸೀರೆಯ ಅಂಚಿನ ಕೆಂಪು ಬಣ್ಣ ಒಡಲಿಗೆಲ್ಲ ಹರಡಿ, ಕಾಲುವೆಯ ಕೊಚ್ಚೆಯೂ ಸೇರಿಕೊಂಡಿತ್ತು. ಕಮಲಕ್ಕ ಬಂದು ಸೀರೆಯನ್ನು ನೀರಿನಿಂದೆತ್ತಿ ಹಿಂಡತೊಡಗಿದರು. ನನ್ನನ್ನು ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮದುವೆಯ ಮನೆಯವರು ಈ ಸುದ್ದಿಯನ್ನು ಬಡಾವಣೆಗೆಲ್ಲ ಹಂಚಿದರು. ಕುಚ್ಚಿಗೆ ಬರುತ್ತಿದ್ದ ಸೀರೆಗಳು ನಿಂತವು, ಆಮೇಲೆ ರವಿಕೆಗಳೂ ನಿಂತವು. ಹೊಲಿಗೆ ಯಂತ್ರವನ್ನು ಮಾರಿ ಅವರು ಯಶವಂತಪುರದ ಕಡೆಯ ಗಾರ್ಮೆಂಟ್ಸ್‌ಗೆ ಸೇರಿದರು.

ನಾನು ಮಾತ್ರ ಬೋರ್ಡನ್ನು ಅಭೇದ್ಯವಾಗಿಸಿದೆ. ಬೂಟ್ ಫೈಲುಗಳ ಎರಡು ಪ್ರತಿ ಇಟ್ಟೆ. ಒಂದು ಕೆಟ್ಟರೆ ಇನ್ನೊಂದು ಎಬ್ಬಿಸುತ್ತದೆ. ಕರೆಂಟು ಹೋದರೂ ಬೀಳದಂತೆ ಬ್ಯಾಟರಿ ಕೊಟ್ಟೆ. ಇದನ್ನೆಲ್ಲ ವಿವರಿಸಲು ಹೋದಾಗ ಕಮಲಕ್ಕ ಕೋಣೆ ಖಾಲಿಮಾಡುತ್ತಿದ್ದರು. "ಒಳ್ಳೇದಾಯ್ತು ಸಾರ್" ಎಂದರು, ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ. ಆ ಮಾತಿನಲ್ಲಿ ವ್ಯಂಗ್ಯ ಎಳ್ಳಷ್ಟೂ ಇರಲಿಲ್ಲ, ಅದನ್ನೇ ನನಗೆ ತಾಳಿಕೊಳ್ಳಲಾಗಲಿಲ್ಲ.

ಮೊನ್ನೆ ಮತ್ತೆ ದೊಡ್ಡ ಮಳೆ. ಕಾಲುವೆ ತುಂಬುವ ಮೊದಲೇ ಸೈರನ್ ಕೂಗಿತು. ನಾನು ಮೆಟ್ಟಿಲುಗಳನ್ನು ಹಾರಿ ಇಳಿದು ಕಮಲಕ್ಕ ಇದ್ದ ಕೋಣೆಯ ಬಾಗಿಲು ತೆರೆದೆ. ಒಳಗೆ ಎತ್ತಿಡಲು ಏನೂ ಇರಲಿಲ್ಲ. ನೀರು ಬರುವವರೆಗೂ ಅಲ್ಲೇ ನಿಂತಿದ್ದೆ.