ಲೈಟು ಉರಿಯುತ್ತಿದ್ದರೂ ಕಾಣುವ ಪ್ರೊಜೆಕ್ಟರು

ನಮ್ಮ ಮನೆಯವರು ಈ ಕಥೆಯನ್ನು ಹೇಳುವ ರೀತಿ ಹೀಗೆ: ಅಕ್ಕ ಗಂಡನನ್ನು ಕಳೆದುಕೊಂಡು ಹೊಸದುರ್ಗದಿಂದ ಹಿರಿಯೂರಿಗೆ, ತವರಿಗೆ ವಾಪಸ್ಸು ಬಂದಳು. ಅವಳಿಗೆ ಸಿನಿಮಾ ಅಂದರೆ ಪ್ರಾಣ. ಟಾಕೀಸಿಗೆ ಹೋಗುವ ಹಾಗಿರಲಿಲ್ಲ. ತಂಗಿಯ ಸಂಕಟ ನೋಡಲಾರದೆ ಅಣ್ಣ ಟಾಕೀಸನ್ನೇ ಮನೆಗೆ ತಂದ.

ಮದುವೆ ಮನೆಗಳಲ್ಲಿ, ಊಟದ ಪಂಕ್ತಿಯಲ್ಲಿ ಯಾರಾದರೂ ಇದನ್ನು ಎತ್ತುತ್ತಾರೆ. ಕೇಳಿದವರು ತಲೆದೂಗುತ್ತಾರೆ. ಅಣ್ಣ ಎಲೆ ನೋಡಿಕೊಂಡು ನಗುತ್ತಾನೆ. ನಾನು ಸಾರಿನ ಬಕೆಟ್ಟು ಹಿಡಿದು ನಿಂತಿರುತ್ತೇನೆ. ಕೈಯಲ್ಲಿ ಸೌಟು ಇರುತ್ತದೆ. ಆಗ ಏನನಿಸುತ್ತದೆ ಎಂದು ಬರೆಯುವುದು ಬೇಡ.

ಆ ಕಥೆಯಲ್ಲಿ ಒಂದು ಮಾತೂ ಸುಳ್ಳಲ್ಲ. ಸಿಟ್ಟು ಬರುವುದೇ ಅದಕ್ಕೆ.

‘ಹೋಗುವ ಹಾಗಿರಲಿಲ್ಲ’ ಎನ್ನುತ್ತಾರಲ್ಲ, ಟಾಕೀಸಿನವನೇನಾದರೂ ಬೇಡ ಅಂದಿದ್ದನೇ? ಅಂದವನು ಅಣ್ಣ. “ಜನ ನೋಡ್ತಾರೆ ಕಣೆ,” ಅಂದ. ಅವ್ವನೂ ಹೌದೆಂದಳು. ಬೇಲಿ ಹಾಕಿದವನೇ ಬೇಲಿಯ ಮೇಲಿಂದ ಒಂದು ಹಣ್ಣು ಎಸೆದು ದಾನಿ ಅನ್ನಿಸಿಕೊಂಡ.

ಅಕ್ಕ ಭಾವನ ಜೊತೆ ಹೊಸದುರ್ಗದಲ್ಲಿ ಚಿತ್ರ ಬದಲಾದಾಗಲೆಲ್ಲ ಟಾಕೀಸಿಗೆ ಹೋಗುತ್ತಿದ್ದಳು. ಯಾವ ಚಿತ್ರವಾದರೂ ಅಳುತ್ತಿದ್ದಳು. ನಗಿಸುವ ಚಿತ್ರಕ್ಕೂ ಎಲ್ಲೋ ಒಂದು ಕಡೆ ಜಾಗ ಹುಡುಕಿಕೊಂಡು ಅಳುತ್ತಿದ್ದಳು ಎಂದು ಭಾವ ಆಡಿಕೊಳ್ಳುತ್ತಿದ್ದ. ಆದರೆ ಭಾವ ಹೋದ ದಿನ ಅವಳು ಅಳಲಿಲ್ಲ. ಅಂಗಳದ ತುಂಬ ಹೆಂಗಸರು ಅವಳ ಮುಖವನ್ನೇ ನೋಡುತ್ತ ಕೂತಿದ್ದರು. “ಕಣ್ಣಾಗೆ ಒಂದ್ ಹನಿ ನೀರಿಲ್ಲ ಕಣವ್ವ,” ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಅಕ್ಕನ ಕಿವಿಗೂ ಬಿದ್ದಿರಬೇಕು. ಆಮೇಲೆ ನಮ್ಮ ಮನೆಯಲ್ಲೂ ಅಷ್ಟೆ. ಯಾರೇ ಬಂದರೂ ಮೊದಲು ಅವಳ ಕಣ್ಣು ನೋಡುತ್ತಿದ್ದರು.

ಅವಳಿಗೆ ಬೇಕಿದ್ದದ್ದು ಯಾರೂ ನೋಡದೆ ಅಳುವುದಕ್ಕೆ ಒಂದು ಕತ್ತಲೆ ಜಾಗ. ಇದು ನನಗೆ ಆಗಲೇ ಗೊತ್ತಿತ್ತು ಎಂದು ಬರೆದರೆ ನಾನು ಈ ಮನೆಯ ಒಬ್ಬಳೇ ಜಾಣೆಯಾಗುತ್ತೇನೆ. ಗೊತ್ತಿರಲಿಲ್ಲ. ನಡುಮನೆಯ ಟೀವಿಯ ಮುಂದೆ ಅಕ್ಕ ಯಾಕೆ ಕೂರುವುದಿಲ್ಲ ಎಂದು ಕೇಳಿದ್ದೆ. “ಟಾಕೀಸಿನಂಗಿರಲ್ಲ ಬಿಡೆ,” ಅಂದಿದ್ದಳು. ಅದನ್ನು ಅಣ್ಣನಿಗೆ ಹೇಳಿದೆ. ಅವನು ಟೀವಿ ಸಣ್ಣದಾಯಿತು ಎಂದುಕೊಂಡ. ನಾನೂ ಹಾಗೇ ಅಂದುಕೊಂಡೆ.

ಮನೆಮನೆಗೂ ಡಿವಿಡಿ ಪ್ಲೇಯರು ಬಂದಿದ್ದ ವರ್ಷಗಳು ಅವು. ಹೊಸ ಪ್ರೊಜೆಕ್ಟರು ಕೊಳ್ಳುವುದು ನಮ್ಮಂಥವರ ಮಾತಲ್ಲ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವನೊಬ್ಬ ಹಳೆಯವನ್ನು ತಂದು ಮಾರುತ್ತಾನೆ ಎಂದು ಅಣ್ಣನಿಗೆ ಯಾರೋ ಹೇಳಿದ್ದರು. ಅಣ್ಣ, ಅಕ್ಕ, ನಾನು, ಮೂವರೂ ಹೋದೆವು.

“ಬರ್ರಿ ಸಾರ್, ಕುಂತ್ಕಳ್ರಿ. ಅಮ್ಮಾರೂ ಬಂದವ್ರೆ,” ಎಂದು ಅಂಗಡಿಯವನು ಸ್ಪೀಕರ್ ಡಬ್ಬಗಳ ಮೇಲೆ ಟವೆಲು ಹಾಸಿ ಕೂರಿಸಿದ. ಮೇಜಿನ ಮೇಲೆ ಎರಡು ಪ್ರೊಜೆಕ್ಟರು ಇಟ್ಟ.

“ಇದು ಆಫೀಸಿಂದು. ಮೀಟಿಂಗಿಗೆ ಅಂತ ಮಾಡಿರಾದು. ಲೈಟು ಉರೀತಿದ್ರೂ ಕಾಣ್ತದೆ. ಇನ್ನೊಂದು ಸಿನಿಮಾಕ್ಕೇ ಮಾಡಿರಾದು. ಆದ್ರೆ ರೂಮು ಕತ್ಲೆ ಇರ್ಬೇಕು, ಸುಳ್ಳು ಹೇಳಲ್ಲ.”

“ರೇಟು?”

“ಕತ್ಲೇದು ಕಮ್ಮಿಗೆ ಕೊಡ್ತೀನಿ. ಇಲ್ಲಿ ಯಾರ್ ಕೇಳ್ತಾರೆ ಅದನ್ನ.”

ಮೊದಲು ಆಫೀಸಿನದನ್ನು ಹಾಕಿದ. ಬೀದಿಯ ಬೆಳಕು ಒಳಗೆ ಬೀಳುತ್ತಿದ್ದರೂ ಚಿತ್ರ ಕಂಡಿತು, ನಿಜ. ಅದರೊಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಚಿತ್ರದ ಆಕಾಶ ನೀರುಮಜ್ಜಿಗೆಯ ಬಣ್ಣಕ್ಕಿತ್ತು. ಆಮೇಲೆ ಶಟರು ಎಳೆದು, ಕಪ್ಪು ಪರದೆ ಬಿಟ್ಟು, ಇನ್ನೊಂದನ್ನು ಹಾಕಿದ. ಚಿತ್ರದಲ್ಲಿ, ಬಸ್ಸಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಅಷ್ಟೇ ನೆನಪಿರುವುದು. ಅವಳ ಸೀರೆ ಹಸಿರು ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಹಸಿರು ಆಮೇಲೆ ನಾನು ಬಳಿದದ್ದು ಇರಬೇಕು. ನನ್ನ ಪಕ್ಕದ ಡಬ್ಬದ ಮೇಲೆ ಅಕ್ಕ ಮಾತ್ರ ಉಸಿರು ಬಿಡುವುದಕ್ಕೂ ಹೆದರಿದವಳ ಹಾಗೆ ಕೂತಿದ್ದಳು.

ಶಟರು ಎತ್ತಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

“ನೋಡಿದ್ರೇನ್ರಿ,” ಅಂದ ಅಣ್ಣ. “ಕತ್ಲಾಗೆ ನೋಡಿ ಕಣ್ಣಾಗೆ ನೀರು ಬಂದ್ವು. ಮುಂದೆ ಕಣ್ಣೇ ಹೋದ್ರೆ ಯಾರು ನೋಡ್ಕಂತಾರೆ? ಆ ಬೆಳಕಿಂದೇ ಕಟ್ರಿ.”

“ಅಣ್ಣ, ಎರಡ್ನೇದೇ ಇರ್ಲಿ,” ಅಂದಳು ಅಕ್ಕ.

“ಅಗ್ಗ ಅಂತ ಹೇಳ್ತೀಯ ನೀನು. ನಿನ್ ಕಣ್ಣಿಗಿಂತ ದುಡ್ಡು ಹೆಚ್ಚೇನೆ ನಂಗೆ?”

“ಅಗ್ಗ ಅಂತಲ್ಲ ಅಣ್ಣ—”

“ಸುಮ್ಕಿರು.”

“ಎಂಥ ಅಣ್ಣ ಸಿಕ್ಕವ್ರೆ ಅಮ್ಮ ನಿಮಗೆ,” ಎಂದು ಅಂಗಡಿಯವನು ಬೇಗ ಬೇಗ ದಾರ ಸುತ್ತಿದ. ಅವನಿಗೇನು, ದುಬಾರಿಯದು ಹೋಯಿತು.

ಇದನ್ನು ಬರೆಯುವಾಗಲೂ ನನ್ನ ಕೈ ಬಿಸಿಯಾಗುತ್ತದೆ. ಕೇಳಿದ್ದು ಕೊಡಲಿಲ್ಲ ಎಂದಾದರೆ ಬೈಯಬಹುದು. ಕೇಳಿದ್ದಕ್ಕಿಂತ ಹೆಚ್ಚಿನ ಬೆಲೆಯದನ್ನು ತಲೆಯ ಮೇಲೆ ಹೇರಿದರೆ ಹೇಗೆ ಬೈಯುವುದು? ಬಸ್ಸಿನಲ್ಲಿ ಅಣ್ಣ ಡಬ್ಬವನ್ನು ಅಕ್ಕನ ತೊಡೆಯ ಮೇಲೇ ಇಟ್ಟ. ಹಿರಿಯೂರು ಬರುವ ತನಕ ಅವಳು ಅದನ್ನು ಯಾರದೋ ಮಗುವಿನಂತೆ ಹಿಡಿದುಕೊಂಡಿದ್ದಳು.

ಆ ಪ್ರೊಜೆಕ್ಟರು ಮುಂದೆ ಏನಾಯಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಅದಕ್ಕೆ ಜಾಗ ಕೊಡುವ ಮನಸ್ಸಿಲ್ಲ. ಅಣ್ಣನ ತೆಂಗಿನಕಾಯಿ ಮಂಡಿಯ ಗೋಡೆಯ ಮೇಲೆ ಕ್ರಿಕೆಟ್ಟು ತೋರಿಸಿತು. ಹೊಳಲ್ಕೆರೆಯಲ್ಲಿ ಅವನ ಸ್ನೇಹಿತನ ಗೃಹಪ್ರವೇಶಕ್ಕೆ ಹೋಯಿತು. ಎಲ್ಲಿಗೆ ಹೋದರೂ “ತಂಗಿಗೆ ಅಂತ ತಂದಿದ್ದು” ಎನ್ನುತ್ತಿದ್ದರು.

ಮನೆಯಲ್ಲಿ ಅದು ಅಕ್ಕನಿಗಾಗಿ ಓಡಿದ್ದು ಒಂದೇ ಸಂಜೆ. ಅಣ್ಣ ಬೀದಿಯವರನ್ನೆಲ್ಲ ಕರೆದಿದ್ದ. ಗಂಡಸರು ಬಾಗಿಲ ಹತ್ತಿರ, ಹೆಂಗಸರು ಚಾಪೆಯ ಮೇಲೆ. ಅಕ್ಕನಿಗೆ ಎಲ್ಲರಿಗಿಂತ ಮುಂದೆ ಕುರ್ಚಿ. ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಬಾಗಿಲು ಹಾಕಬಾರದು, ಮನೆ ಕತ್ತಲಿರಬಾರದು ಎಂಬುದು ಅವ್ವನ ಕಟ್ಟಳೆ. ದೇವರ ಕೋಣೆಯಲ್ಲಿ ಹಣತೆ, ನಡುಮನೆಯಲ್ಲಿ ಟ್ಯೂಬ್‌ಲೈಟು. ಚಿತ್ರ ಚೆನ್ನಾಗಿಯೇ ಕಂಡಿತು. ಚಿತ್ರಕ್ಕಿಂತ ಚೆನ್ನಾಗಿ ಅಕ್ಕ ಕಾಣುತ್ತಿದ್ದಳು.

ಚಿತ್ರದಲ್ಲಿ ಗಂಡನ ಹೆಣವನ್ನು ಮನೆಗೆ ತಂದರು. ಅಣ್ಣ ಅದನ್ನು ಮೊದಲೇ ನೋಡಿರಲಿಲ್ಲವಂತೆ. ಗೋಡೆ ನೋಡುತ್ತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕುರ್ಚಿಯ ಕಡೆ ತಿರುಗಿದರು. ಅಕ್ಕನ ಮುಖ ಸ್ಟುಡಿಯೋದಲ್ಲಿ ಫೋಟೋಕ್ಕೆ ಕೂತವರ ಮುಖದ ಹಾಗಾಯಿತು.

“ಈಗ್ಲೂ ಅಳಲ್ಲ ನೋಡೆ.”

“ಗಟ್ಟಿಗಿತ್ತಿ ಬಿಡು.”

“ಅಣ್ಣ,” ಅಂದಳು ಅಕ್ಕ, “ಒಂಚೂರು ಲೈಟ್ ಆರ್ಸಪ್ಪ.”

“ದೀಪ ಹಚ್ಚೋ ಹೊತ್ನಾಗೆ ಮನೆ ಕತ್ಲೆ ಮಾಡ್ತಾರೇನೆ?” ಎಂದು ಅವ್ವ ಅಡುಗೆಮನೆಯಿಂದಲೇ ಕೂಗಿದಳು.

“ಆರ್ಸಾದ್ಯಾಕೆ?” ಅಂದ ಅಣ್ಣ, ಎಲ್ಲರಿಗೂ ಕೇಳಲಿ ಎಂದು. “ಲೈಟ್ ಉರೀತಿದ್ರೂ ಕಾಣ್ಲಿ ಅಂತ್ಲೇ ಅಲ್ವೇನೆ ಹೆಚ್ಗೆ ಕೊಟ್ಟು ತಂದಿರಾದು?”

ಆಗ ಎಲ್ಲ ಆರಿತು. ಟ್ಯೂಬ್‌ಲೈಟು, ಗೋಡೆ, ಫ್ಯಾನಿನ ಗಿರಣಿಸದ್ದು, ಹೆಣ, ಎಲ್ಲ.

ಕರೆಂಟು ಹೋಯಿತು ಎಂದು ಅಣ್ಣ ಹೇಳುತ್ತಾನೆ. ಆಗೆಲ್ಲ ಸಂಜೆ ಕರೆಂಟು ಹೋಗುವುದು ಮಾಮೂಲು, ಅವನ ಮಾತಿಗೆ ಬಲವಿದೆ. ನನ್ನ ನೆನಪಿನಲ್ಲಿ ನಾನು ಎದ್ದು ಹೋಗಿ ಮೀಟರ್ ಬೋರ್ಡಿನಿಂದ ಫ್ಯೂಸು ಕಿತ್ತೆ. ಅದರ ಪಿಂಗಾಣಿಯ ತಂಪು ಇನ್ನೂ ಅಂಗೈಯಲ್ಲಿದೆ. ಈ ನೆನಪು ನನಗೆ ಅತಿಯಾಗಿ ಒಪ್ಪುತ್ತದೆ, ಆದ್ದರಿಂದಲೇ ಅನುಮಾನ. ತೆರೆದ ಬಾಗಿಲಿನಿಂದ ಎದುರುಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ಕರೆಂಟು ಇತ್ತೋ ಇಲ್ಲವೋ ತಿಳಿಯುತ್ತಿತ್ತು. ಯಾರೂ ಅತ್ತ ನೋಡಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಯಾರೋ ಅಳುವುದು ಕೇಳಿಸಿತು.

ಬಿಕ್ಕಳಿಕೆಯಲ್ಲ. ಹೊಟ್ಟೆಯ ಆಳದಿಂದ ಬರುವ ದನಿ.

“ಯಾರವ್ವ ಅದು?” ಅಂದಳು ಚಾಪೆಯ ಮೇಲಿನ ಒಬ್ಬಳು. ಅವಳಿಗೆ ಗೊತ್ತಾಗಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಅಣ್ಣ ತಡಕಾಡಿ ಗೂಡಿನಲ್ಲಿದ್ದ ಟಾರ್ಚು ತೆಗೆದು ನೇರವಾಗಿ ಅಕ್ಕನ ಮುಖಕ್ಕೆ ಬಿಟ್ಟ. ದುರುದ್ದೇಶದಿಂದಲ್ಲ. ಅವನು ಯಾವತ್ತೂ ದುರುದ್ದೇಶದಿಂದ ಏನೂ ಮಾಡಿದವನಲ್ಲ. ಒದ್ದೆ ಕೆನ್ನೆ, ತೆರೆದ ಬಾಯಿ, ಎಲ್ಲ ಬೀದಿಯವರ ಮುಂದೆ.

“ಏನಾತೆ? ಕಣ್ಣು ನೋಯ್ತಾವೇನೆ?”

ಅಕ್ಕ ಎದ್ದು ಬಂದು ಟಾರ್ಚಿನ ಗಾಜಿನ ಮೇಲೆ ಅಂಗೈ ಇಟ್ಟಳು. ಬೆರಳುಗಳು ಒಳಗಿನಿಂದ ಕೆಂಪಗೆ ಕಂಡವು.

“ಆರ್ಸು,” ಅಂದಳು.

“ಅಲ್ಲ ಕಣೆ—”

“ಆರ್ಸೋ.”

ಅವಳು ಅಣ್ಣನನ್ನು ಹಾಗೆ ಗಡಸಾಗಿ ಗದರಿದ್ದು ಅದೊಂದೇ ಸಲ. ಅವನು ಆರಿಸಿದ. ಅವಳು ಗಂಡಸರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ಮನೆಯ ಬಾಗಿಲು ಹಾಕಿದಳು. ಅಗುಳಿ ಬಿದ್ದ ಸದ್ದು ಕೇಳಿತು. ದೇವರ ಕೋಣೆಯ ಹಣತೆಯ ಬೆಳಕು ಹೊಸ್ತಿಲು ದಾಟಿ ಬರುವಷ್ಟು ಇರಲಿಲ್ಲ. ಅಕ್ಕ ಕುರ್ಚಿಗೆ ವಾಪಸ್ಸು ಹೋಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಬಿಟ್ಟಲ್ಲಿಂದ ಮತ್ತೆ ಅಳತೊಡಗಿದಳು. ಬೀದಿಯ ಜನವೆಲ್ಲ ಹೊರಗೆ ಹೋಗಲಾರದೆ, ನೋಡುವುದಕ್ಕೆ ಏನೂ ಇಲ್ಲದೆ, ಅವಳು ಮುಗಿಸುವ ತನಕ ಕತ್ತಲಲ್ಲಿ ಕೂತಿರಬೇಕಾಯಿತು.